‘ಲಾಭ’ದಿಂದ ಎಣಿಸುತ್ತಿದ್ದವರು

ಈ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಬೆಳಗಿನ ಸುದ್ದಿಯಾದ ಮೇಲೆ ಸ್ಥಳೀಯ ರೇಡಿಯೋದಲ್ಲಿ ಅವರ ಹೆಸರು ಓದುತ್ತಾರೆ. ಇಂಥ ಬೀದಿಯವರು, ಇಂಥವರ ಗಂಡ, ಅಂತ್ಯಕ್ರಿಯೆ ಇಷ್ಟು ಗಂಟೆಗೆ, ಮನೆಯವರು ಹೂವು ತರಬೇಡಿರೆಂದು ಕೋರಿದ್ದಾರೆ. ನಾನು ‘ಸಾರ್’ ಎನ್ನುತ್ತಿದ್ದವರ ಹೆಸರನ್ನೂ ಹಾಗೇ ಓದಿದರು. ಓದಿದಾಕೆ ಪಾಪ, ಒಂದೇ ಹೆಸರಿನೊಳಗೆ ಮೂರು ಕಡೆ ಎಡವಿದಳು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಇಷ್ಟರವರೆಗೆ ಮಾಡಿರುವುದೇ ಸಾಕು.

ನಾನು ಬೆಂಗಳೂರಿನಿಂದ ಐರ್ಲೆಂಡಿನ ಡನ್‌ಡಾಕ್‌ಗೆ ಬಂದು ಎಂ.ಎಸ್ಸಿ. ಮುಗಿಸಿದೆ. ಆಮೇಲೆ ಎಲ್ಲರಂತೆ ಡಬ್ಲಿನ್ನಿನ ಕಂಪನಿಗಳಿಗೆಲ್ಲ ಅರ್ಜಿ ಹಾಕಿದೆ, ಎಲ್ಲರಂತೆ ‘ವಿಷಾದಿಸುತ್ತೇವೆ’ ಎನ್ನುವ ಮೇಲ್‌ಗಳನ್ನು ಓದಿದೆ. ಕಡೆಗೆ ಸಿಕ್ಕಿದ್ದು ಇ-ಸಿಗರೇಟಿಗೆ ತುಂಬುವ ದ್ರವವನ್ನು ಅಂಗಡಿಗಳಿಗೆ ಸರಬರಾಜು ಮಾಡುವ ಒಂದು ಸಗಟು ಗೋದಾಮಿನ ಆಫೀಸ್ ಕೆಲಸ. ನಿಕೋಟಿನ್ ಇರುವ ಬಾಟಲಿ ಹತ್ತು ಮಿಲಿಲೀಟರಿಗಿಂತ ದೊಡ್ಡದಿರಬಾರದು, ಎಚ್ಚರಿಕೆಯ ಮಾತು ಇಷ್ಟು ಜಾಗದಲ್ಲಿ ಅಚ್ಚಾಗಿರಬೇಕು, ಹದಿನೆಂಟು ತುಂಬದವರಿಗೆ ಮಾರಕೂಡದು, ಇಂಥ ಕಾನೂನುಗಳಿಗೆ ಸಂಬಂಧಪಟ್ಟ ಕಾಗದಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಅಮ್ಮನಿಗೆ ‘ಕಂಪ್ಲಯನ್ಸ್’ ಎಂದು ಹೇಳಿದೆ. ಅವಳಿಗೆ ಅದು ದೊಡ್ಡ ಹುದ್ದೆಯಂತೆ ಕೇಳಿಸಿತು, ನಾನೂ ತಿದ್ದಲಿಲ್ಲ.

ಮೊದಲ ದಿನವೇ ಗೋದಾಮಿನ ಮೂಲೆಯಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. “ಆಯ್ತಮ್ಮಾ, ಕೆಲ್ಸದಲ್ಲಿದೀನಿ, ಇಡು ಈಗ” ಎಂದು ರೇಗಿ ಕಟ್ ಮಾಡಿದೆ. ತಲೆಯ ಮೇಲಿಂದ ಒಂದು ದನಿ ಬಂತು: “ತಾಯಿ ಹತ್ರ ಹಂಗೆಲ್ಲ ಮಾತಾಡ್ಬಾರ್ದು ಕಣಮ್ಮ.” ಬೆಚ್ಚಿ ನೋಡಿದರೆ ಏಣಿಯ ತುದಿಯಲ್ಲಿ ಅರವತ್ತು ದಾಟಿದ ಒಬ್ಬರು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಹಳದಿ ಸುರಕ್ಷತಾ ಜಾಕೆಟ್ ಹಾಕಿಕೊಂಡು ನಿಂತಿದ್ದರು. ಐರ್ಲೆಂಡಿನ ಗಡಿಯೂರಿನ ಗೋದಾಮಿನಲ್ಲಿ ಆಕಾಶದಿಂದ ತುಮಕೂರಿನ ಕನ್ನಡ ಬಿದ್ದರೆ ಯಾರಾದರೂ ಏನು ಮಾಡುತ್ತಾರೆ? ನಾನು ಅಮ್ಮನಿಗೆ ವಾಪಸ್ ಫೋನ್ ಮಾಡಿದೆ.

ಅವರು ಗೋದಾಮಿನ ಸ್ಟಾಕ್ ನೋಡಿಕೊಳ್ಳುವವರು. ಹುಟ್ಟಿ ಬೆಳೆದದ್ದು ತುಮಕೂರಿನ ಮಂಡಿಪೇಟೆಯಲ್ಲಿ. ಅಪ್ಪ ಒಂದು ಕಾಳಿನ ಮಂಡಿಯಲ್ಲಿ ಅಳೆಯುವವರಾಗಿದ್ದರು, ಇವರು ಅದೇ ಮಂಡಿಯಲ್ಲಿ ಗುಮಾಸ್ತರಾದರು. ಹೆಂಡತಿ ನರ್ಸ್. ಆಕೆಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದಾಗ, ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ, ಜೊತೆಗೆ ಬಂದರು. “ಹೆಂಡ್ತಿ ಹಿಂದೆ ವಿಮಾನ ಹತ್ತಿದ ಮೊದಲ್ನೇ ಮಂಡಿಪೇಟೆ ಗಂಡಸು ನಾನೇ” ಎಂದು ಅವರು ಹೇಳುವಾಗ ದನಿಯಲ್ಲಿ ನಾಚಿಕೆಯಿರಲಿಲ್ಲ, ಜಂಬವಿರುತ್ತಿತ್ತು. ಬಂದ ಹೊಸದರಲ್ಲಿ ಅಣಬೆ ಬೆಳೆಯುವ ಶೆಡ್ಡುಗಳಲ್ಲಿ ದುಡಿದು, ಸೆಕ್ಯುರಿಟಿ ಕೆಲಸ ಮಾಡಿ, ಕೊನೆಗೆ ಇಲ್ಲಿಗೆ ಬಂದು ನಿಂತಿದ್ದರು.

ಗೋದಾಮಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. “ನೀನೂ ಹಂಗೇ ಕರಿ, ಪರ್ವಾಗಿಲ್ಲ” ಎಂದರು. ನನ್ನ ನಾಲಗೆ ಹೊರಳಲಿಲ್ಲ. ಅಂಕಲ್ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಸಾರ್ ಎಂಬಲ್ಲಿಗೆ ರಾಜಿಯಾದೆವು. ಅದನ್ನು ಕೇಳಿ ಕೇಳಿ ಜೊತೆಯಲ್ಲಿ ಕೆಲಸ ಮಾಡುವ ಡೆಕ್ಲನ್ ಕೂಡ ಅವರನ್ನು ‘ಸಾರ್’ ಎನ್ನತೊಡಗಿದ. ಅವನು ಐರಿಷ್, ನಲವತ್ತರ ಆಸುಪಾಸಿನವನು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು.

“ಊರಲ್ಲಿ ಬೇಳೆ ಅಳ್ದೆ, ಇಲ್ಲಿ ಹೊಗೆ ಅಳೀತಿದೀನಿ” ಎನ್ನುವುದು ಸಾರ್ ಅವರ ಖಾಯಂ ಮಾತು. “ಅದು ಹೊಗೆ ಅಲ್ಲ ಸಾರ್, ಆವಿ” ಎಂದು ನಾನು ಕಂಪ್ಲಯನ್ಸಿನವಳ ಗತ್ತಿನಲ್ಲಿ ತಿದ್ದುತ್ತಿದ್ದೆ. “ಬಾಯಿಂದ ಆಚೆ ಬಂದ್ಮೇಲೆ ಎಲ್ಲಾ ಹೊಗೇನೇ ಕಣಮ್ಮ, ಮಾತೂ ಸೇರಿ” ಎನ್ನುತ್ತಿದ್ದರು. ಅವರು ಸಿಗರೇಟನ್ನಾಗಲಿ ಇದನ್ನಾಗಲಿ ಒಂದು ದಿನವೂ ಮುಟ್ಟಿದವರಲ್ಲ. ಆದರೆ ಗೋದಾಮಿನ ಬಾಗಿಲು ತೆರೆದ ಕೂಡಲೇ ಮೂಗು ಎತ್ತಿ, “ಮಾವಿನ ಹಣ್ಣಿಂದು ಯಾವ್ದೋ ಸೋರ್ತಾ ಐತೆ, ಮೂರನೇ ಸಾಲು” ಎಂದು ಹೇಳಬಲ್ಲವರಾಗಿದ್ದರು. ಹೋಗಿ ನೋಡಿದರೆ ಮೂರನೇ ಸಾಲಿನಲ್ಲೇ ಒಂದು ಪೆಟ್ಟಿಗೆಯ ತಳ ಒದ್ದೆಯಾಗಿರುತ್ತಿತ್ತು.

ನಮ್ಮ ದೇಶದಲ್ಲಿ ಇ-ಸಿಗರೇಟು ಮಾರುವುದೇ ಅಪರಾಧ. ಹೀಗಾಗಿ ತುಮಕೂರಿನ ನೆಂಟರಿಗೆ ತಮ್ಮ ಕೆಲಸದ ಬಗ್ಗೆ ಏನು ಹೇಳುವುದೆಂಬ ತೊಂದರೆ ಅವರಿಗಿತ್ತು. ಈ ವ್ಯಾಪಾರದಲ್ಲಿ ದ್ರವಕ್ಕೆ ‘ಜ್ಯೂಸ್’ ಎನ್ನುವುದು ರೂಢಿ. “ಜ್ಯೂಸ್ ಗೋಡೌನಲ್ಲಿದೀನಿ ಅಂತೀನಿ. ಸುಳ್ಳಲ್ವಲ್ಲ” ಎಂದು ನಗುತ್ತಿದ್ದರು. ಆ ನೆಂಟರಲ್ಲೊಬ್ಬರು ಬರುವಾಗ ಒಳ್ಳೇ ಕಿತ್ತಳೆ ಜ್ಯೂಸಿನ ಪುಡಿ ತನ್ನಿ ಎಂದು ಕೇಳಿದ್ದರಂತೆ. ಸುಳ್ಳು ಹೇಳದೆ ಇರುವುದಕ್ಕೆ ಆ ಮನುಷ್ಯ ಇಷ್ಟೆಲ್ಲ ಸುತ್ತು ಹಾಕುತ್ತಿದ್ದರು ಎಂಬುದನ್ನು ಈಗ ನೆನೆದರೆ ನನಗೆ ನಗು ಬರುವುದಿಲ್ಲ.

ಆಂಟಿಗೆ, ಅಂದರೆ ಅವರ ಹೆಂಡತಿಗೆ, ಈ ಕೆಲಸ ಸುತರಾಂ ಸೇರುತ್ತಿರಲಿಲ್ಲ. ಆಕೆ ಎದೆರೋಗದ ವಾರ್ಡಿನ ನರ್ಸ್. ಒಮ್ಮೆ ಊಟಕ್ಕೆ ಕರೆದಿದ್ದಾಗ ನನ್ನೆದುರೇ ಮಾತು ನಡೆಯಿತು. “ನಾನು ಅಲ್ಲಿ ಜನರ ಎದೆ ರಿಪೇರಿ ಮಾಡೋದು, ಇವ್ರು ಇಲ್ಲಿ ಹೊಸಾ ಗಿರಾಕಿ ಕಳಿಸೋದು.”

“ಸಿಗರೇಟ್ ಬಿಡೋಕೆ ಅಂತ ಇದನ್ನ ಹಿಡ್ದೋರೂ ಅವ್ರೆ ಕಣೆ.”

“ಹಿಡ್ದು, ಇದನ್ನ ಬಿಟ್ಟೋರು ಎಷ್ಟು ಜನ ಅವ್ರೆ, ಅದ್ ಹೇಳಿ.”

ಸಾರ್ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು. ದಿನವೂ ಕೆಲಸದಿಂದ ಬಂದ ಸಾರ್ ಹಿತ್ತಲ ಶೆಡ್ಡಿನಲ್ಲಿ ಗೋದಾಮಿನ ಬಟ್ಟೆ ಬಿಚ್ಚಿಟ್ಟು, ಬೇರೆ ಬಟ್ಟೆ ಹಾಕಿಕೊಂಡೇ ಒಳಗೆ ಕಾಲಿಡಬೇಕಿತ್ತು. ಆ ಸಿಹಿ ವಾಸನೆ ಆಂಟಿಯ ಮೂಗಿಗೆ ಬೀಳಕೂಡದು. ಎಂಥ ಚಳಿಯಲ್ಲೂ ಅದನ್ನು ಅವರು ತಪ್ಪಿಸಲಿಲ್ಲ.

ಆ ಮುದ್ದೆಯ ಹಿಟ್ಟಿನ ಕಥೆ ಹೇಳಬೇಕು. ಡನ್‌ಡಾಕ್‌ನಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಗಡಿಯಾಚೆ ನ್ಯೂರಿ. ಅಲ್ಲಿ ಒಂದು ಅಂಗಡಿಯಲ್ಲಿ ರಾಗಿಹಿಟ್ಟು, ತೊಗರಿಬೇಳೆ ಎಲ್ಲ ಸಿಗುತ್ತದೆ, ಅಗ್ಗವೂ ಹೌದು. ಗಡಿಯಲ್ಲಿ ಗೇಟೂ ಇಲ್ಲ, ಕೇಳುವವರೂ ಇಲ್ಲ. ಆದರೆ ಅದು ಬ್ರಿಟನ್ನಿಗೆ ಸೇರಿದ ನೆಲ, ಬೇರೆ ದೇಶ, ನನ್ನ ವೀಸಾಕ್ಕೆ ಆ ದಾರಿಯಿಲ್ಲ. ಸಾರ್ ಇಲ್ಲಿಯ ಪೌರರಾಗಿ ವರ್ಷಗಳಾಗಿದ್ದವು. ನಾನು ಒಮ್ಮೆ ಬಾಯಿತಪ್ಪಿ “ಮುದ್ದೆ ತಿಂದು ಎರಡು ವರ್ಷ ಆಯ್ತು ಸಾರ್” ಎಂದದ್ದೇ ತಡ, ತಿಂಗಳಿಗೊಮ್ಮೆ ಹೋಗುತ್ತಿದ್ದವರು ಪ್ರತಿ ಶನಿವಾರ ಹೋಗತೊಡಗಿದರು. ಸೋಮವಾರ ನನ್ನ ಮೇಜಿನ ಮೇಲೆ ಹಿಟ್ಟಿನ ಪೊಟ್ಟಣ ಇರುತ್ತಿತ್ತು. ದುಡ್ಡು ಕೊಡಲು ಹೋದರೆ ಬೈಯುತ್ತಿದ್ದರು.

ಅಳತೆಯ ವಿಷಯದಲ್ಲಿ ಮಾತ್ರ ಅವರ ಹತ್ತಿರ ತಮಾಷೆ ನಡೆಯುತ್ತಿರಲಿಲ್ಲ. ಮಂಡಿಯಲ್ಲಿ ಅಪ್ಪನ ಸೇರಿಗೆ ವರ್ಷಕ್ಕೊಮ್ಮೆ ಸರ್ಕಾರದವರು ಬಂದು ಮುದ್ರೆ ಒತ್ತುತ್ತಿದ್ದರಂತೆ. “ನಮ್ಮಪ್ಪನ ಸೇರು ಒಂದ್ ಸಲಾನೂ ಕಮ್ಮಿ ಬರ್ಲಿಲ್ಲ” ಎಂದು ಎಷ್ಟು ಸಲ ಹೇಳಿದ್ದರೋ. ಇಲ್ಲಿ ಆರೋಗ್ಯ ಇಲಾಖೆಯ ಅಧಿಕಾರಿ ಲೇಬಲ್ ಪರೀಕ್ಷೆಗೆ ಬಂದಾಗ ನಾನು ಹೆದರಿ ಕಡತಗಳನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದೆ. ಸಾರ್ ಆಕೆಗೆ ಟೀ ಮಾಡಿಕೊಟ್ಟು, ಕೇಳಿದ ಪೆಟ್ಟಿಗೆ ಇಳಿಸಿ, ಪಕ್ಕಕ್ಕೆ ನಿಂತರು. “ಸರ್ಕಾರದೋರು ಬಂದ್ರೆ ಹೆದರ್ಬಾರ್ದು, ಅಡ್ಡಾನೂ ಬರ್ಬಾರ್ದು. ಕೇಳಿದ್ದು ತೋರ್ಸು, ಕೇಳ್ದೆ ಇದ್ದಿದ್ದು ಹೇಳ್ಬೇಡ. ಸುಳ್ಳಂತೂ ಬೇಡವೇ ಬೇಡ.”

ಎಣಿಸುವುದು ಮಾತ್ರ ಕನ್ನಡದಲ್ಲೇ. ಇಂಗ್ಲಿಷ್ ಬರುತ್ತಿರಲಿಲ್ಲವೆಂದಲ್ಲ, ಡೆಕ್ಲನ್ ಜೊತೆ ಫುಟ್‌ಬಾಲಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. “ಇಂಗ್ಲಿಷಲ್ಲಿ ಎಣಿಸಿದ್ರೆ ಕೈಗೆ ನಂಬಿಕೆ ಬರಲ್ಲ ಕಣಮ್ಮ” ಎನ್ನುತ್ತಿದ್ದರು. ಏಣಿಯ ಮೇಲೆ ನಿಂತು ಪೆಟ್ಟಿಗೆಗಳನ್ನು ಒಂದೊಂದಾಗಿ ಮುಟ್ಟುತ್ತ, ರಾಗವಾಗಿ, ಅಕ್ಷರಗಳು ಒಂದರೊಳಗೊಂದು ಕರಗುವಂತೆ ಎಣಿಸುತ್ತಿದ್ದರು. ಶುರುವಿನಲ್ಲಿ “ಲಾಭಾ” ಎನ್ನುವುದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಮುಂದಿನದೆಲ್ಲ ಗುಂಯ್‌ಗುಡುವ ಹಾಗಿರುತ್ತಿತ್ತು. ನಾನು ಅದಕ್ಕೆ ಕಿವಿಗೊಟ್ಟವಳೇ ಅಲ್ಲ. ಒಬ್ಬರು ದಿನವೂ ಗುನುಗುವುದನ್ನು ಯಾರು ತಾನೇ ಕೇಳಿಸಿಕೊಳ್ಳುತ್ತಾರೆ?

ನವೆಂಬರಿನಿಂದ ಇ-ಸಿಗರೇಟಿನ ದ್ರವಕ್ಕೆ ಹೊಸ ತೆರಿಗೆ ಬರುವುದೆಂದು ಗೊತ್ತಾದಾಗ ನಮ್ಮ ಆಫೀಸು ಮದುವೆಮನೆಯಾಯಿತು. ಮಿಲಿಲೀಟರಿಗೆ ಅರ್ಧ ಯೂರೋ. ನಿಕೋಟಿನ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. “ಬರೀ ಪರಿಮಳಕ್ಕೂ ತೆರಿಗೆ ಹಾಕಿದ್ರಲ್ಲಮ್ಮ” ಎಂದು ಸಾರ್ ಬೆರಗಾದರು. ಸಿಗರೇಟು ಬಿಟ್ಟು ಇದಕ್ಕೆ ಬಂದವರು ಬೆಲೆ ನೋಡಿ ಮತ್ತೆ ಸಿಗರೇಟಿಗೆ ಹೋಗುತ್ತಾರೆ ಎಂದು ಅಂಗಡಿಯವರು ಕೂಗಾಡಿದರು. ಸಣ್ಣ ಹುಡುಗರ ಕೈಗೆ ಇನ್ನಾದರೂ ಸಿಗಲಿಕ್ಕಿಲ್ಲ ಎಂದು ಆಂಟಿ ಖುಷಿಪಟ್ಟರು. ನಮ್ಮ ಮ್ಯಾನೇಜರ್ ಶಿವಾನ್‌ಗೆ ಚಿಂತೆ ಒಂದೇ. ಗಡಿಯಾಚೆ ಈ ತೆರಿಗೆ ಇನ್ನೂ ಇರಲಿಲ್ಲ. ಅಲ್ಲಿಯ ಸರಕು ಕಾರಿನ ಡಿಕ್ಕಿಯಲ್ಲಿ ಇಲ್ಲಿಗೆ ಬರುತ್ತದೆ, ನಮ್ಮ ಮೇಲೆ ಅನುಮಾನ ಬಾರದಂತೆ ಲೆಕ್ಕ ಚೊಕ್ಕವಾಗಿರಬೇಕು. ಆಕೆ ಕೆಟ್ಟವಳಲ್ಲ, ಐರಿಷ್ ತಾಯಂದಿರ ಹಾಗೆ ಗದರಿಸಿ ಬಿಸ್ಕತ್ತು ಕೊಡುವವಳು. ಆದರೆ ಲೆಕ್ಕವೆಂದರೆ ಪ್ರಾಣ.

ತೆರಿಗೆ ಶುರುವಾಗುವ ಹಿಂದಿನ ದಿನ ಗೋದಾಮಿನ ಪೂರ್ತಿ ಎಣಿಕೆ ಎಂದು ಗೊತ್ತುಮಾಡಿದಳು. ಅಲ್ಲಿಯವರೆಗೆ ಸಾರ್ ಒಬ್ಬರೇ ಎಣಿಸಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು, ಯಾರೂ ತಪ್ಪು ಹಿಡಿದಿರಲಿಲ್ಲ. ಇನ್ನು ನೋಟ್‌ಬುಕ್ ಬೇಡ, ಟ್ಯಾಬ್ಲೆಟ್ಟು. ಎಣಿಸುವವರು ಬರೆಯಬಾರದು, ಬರೆಯುವವರು ಎಣಿಸಬಾರದು, ಎಣಿಸುವವರು ಒಟ್ಟು ಎಷ್ಟೆಂದು ಹೇಳಕೂಡದು. ಕೆಳಗಿನ ರ್‍ಯಾಕುಗಳನ್ನು ಬೇರೆಯವರು ನೋಡಿಕೊಂಡರು. ಮೇಲಿನವು ಸಾರ್ ಅವರ ಪಾಲು, ಏಣಿ ಹತ್ತಿ ಅಲ್ಲಿ ಕೆಲಸ ಮಾಡುತ್ತಿದ್ದವರು ಅವರೊಬ್ಬರೇ. ಅವರು ಮೇಲಿಂದ ಪೆಟ್ಟಿಗೆ ಮುಟ್ಟಿ ಕೂಗಬೇಕು, ಕೆಳಗೆ ನಿಂತ ಡೆಕ್ಲನ್ ಕೂಗಿಗೊಂದರಂತೆ ಬೆರಳು ಒತ್ತಬೇಕು. ಭಾಷೆ ಯಾವುದಾದರೇನು, ಕೂಗಿಗೊಂದು ಒತ್ತು.

ನಾನು ಕಾಗದಗಳ ಕಟ್ಟು ಹಿಡಿದು ಅತ್ತ ಹೋಗುತ್ತಿದ್ದೆ. ಡೆಕ್ಲನ್ ತಡೆದ. “ಒಂದು ನಿಮಿಷ. ಸಾರ್ ಮೊದಲು ಹೇಳ್ತಾರಲ್ಲ, ಲಾವಾನೋ ಏನೋ, ಅದೂ ನಂಬರ್ರಾ?”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಏಣಿಯ ಮೇಲಿದ್ದವರನ್ನು ಒಂದು ಮಾತು ಕೇಳಲೂ ಇಲ್ಲ. ನನ್ನ ಭಾಷೆ, ನನ್ನ ಜನ, ನನಗೆ ಗೊತ್ತಿಲ್ಲದ್ದು ಏನಿದೆ! “ಅಲ್ಲ ಅಲ್ಲ, ಅದು ಪ್ರಾರ್ಥನೆ ಇದ್ದ ಹಾಗೆ. ಲಾಭ ಅಂದ್ರೆ ಪ್ರಾಫಿಟ್. ಶುಭವಾಗ್ಲಿ ಅಂತ ಹೇಳಿ ಶುರು ಮಾಡ್ತಾರೆ. ಅದನ್ನ ಬಿಟ್ಟು ಮುಂದಿಂದ ಒತ್ತು.” ಕಾಗದದ ನೆತ್ತಿಯಲ್ಲಿ ನಾವು ‘ಶ್ರೀ’ ಬರೆಯುವುದನ್ನೂ ವಿವರಿಸಿದೆ. ಪಕ್ಕದಲ್ಲಿದ್ದ ಶಿವಾನ್ “ಎಷ್ಟು ಚಂದ!” ಎಂದಳು. ಡೆಕ್ಲನ್ “ಗ್ರ್ಯಾಂಡ್” ಎಂದು ಹೆಬ್ಬೆರಳು ತೋರಿಸಿದ. ನಾನು ಸಂಸ್ಕೃತಿಯ ರಾಯಭಾರಿಯ ಹಾಗೆ ಆಫೀಸಿಗೆ ಹೋಗಿ ಕುಳಿತೆ. ಸಂಜೆ ಡೆಕ್ಲನ್ ಬಂದು, “ಮೂರು ಸಾಲಲ್ಲಿ ಸಾರ್ ಬರೀ ಪ್ರಾರ್ಥನೆ ಮಾಡಿ ಇಳಿದುಬಿಟ್ರು, ಖಾಲಿ ಸಾಲಿಗೂ ಆಶೀರ್ವಾದ ಮಾಡೋ ಮನುಷ್ಯ” ಎಂದಾಗ ನಾನೂ ಜೋರಾಗಿ ನಕ್ಕಿದ್ದೆ.

ಮುಂದಿನ ತಿಂಗಳ ಕೊನೆಗೆ ಶಿವಾನ್ ತಾನೇ ಏಣಿ ಹತ್ತಿ ಲೆಕ್ಕ ತಾಳೆ ನೋಡಿದಳು. ಮೇಲಿನ ರ್‍ಯಾಕಿನ ಪ್ರತಿಯೊಂದು ಸಾಲಿನಲ್ಲೂ ಆವತ್ತಿನ ಎಣಿಕೆಯ ಲೆಕ್ಕಕ್ಕಿಂತ ಒಂದು ಪೆಟ್ಟಿಗೆ ಹೆಚ್ಚಿತ್ತು. ಖಾಲಿ ಎಂದು ದಾಖಲಾದ ಸಾಲುಗಳಲ್ಲೂ ಒಂದೊಂದು ಪೆಟ್ಟಿಗೆ. ಎಣಿಕೆಯಾದ ಮೇಲೆ ಕೊಂಡ ಸರಕಿನ ಬಿಲ್ಲುಗಳಲ್ಲೂ ಅವು ಇರಲಿಲ್ಲ. ಕಡಿಮೆ ಬಂದಿದ್ದರೆ ಕಳ್ಳತನ ಎನ್ನಬಹುದಿತ್ತು, ಸೋರಿಹೋಯಿತು ಎನ್ನಬಹುದಿತ್ತು. ಹೆಚ್ಚು ಬಂದರೆ ಗಡಿಯೂರಿನಲ್ಲಿ ಅದಕ್ಕೆ ಅರ್ಥ ಒಂದೇ: ತೆರಿಗೆ ಕಟ್ಟದ ಆಚೆಯ ಸರಕನ್ನು ಯಾರೋ ಸಾಲಿಗೊಂದರಂತೆ, ಕಣ್ಣಿಗೆ ಬೀಳದ ಹಾಗೆ ಸೇರಿಸಿದ್ದಾರೆ. ಮೇಲಿನ ರ್‍ಯಾಕು ಮುಟ್ಟುವವರು ಒಬ್ಬರೇ. ಪ್ರತಿ ಶನಿವಾರ ನ್ಯೂರಿಗೆ ಹೋಗುವವರೂ ಅವರೇ.

ಶಿವಾನ್ ಬಾಗಿಲು ಹಾಕಿಕೊಂಡು ಅವರೊಡನೆ ಮಾತಾಡಿದಳು. ಗಾಜಿನ ಗೋಡೆಯಾಚೆ ನನಗೆ ಕಾಣುತ್ತಿತ್ತು. ಸಾರ್ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಹೊರಗೆ ಬಂದವರು ನೇರ ನನ್ನ ಹತ್ತಿರ ಬಂದರು.

“ನಾನು ಸರಿಯಾಗೇ ಎಣಿಸಿದ್ದೆ ಕಣಮ್ಮ. ಎಲ್ಲಿಂದ ಬಂದ್ವು ಅಂತ ಕೇಳ್ತಾಳೆ. ಏನ್ ಹೇಳ್ಲಿ? ನೀನೂ ಬಾ, ನಿನ್ನ ಮುಂದೇನೇ ಎಣಿಸ್ತೀನಿ.”

ಏಣಿ ಹತ್ತಿದರು. ಈ ಸಲ ನನಗೋಸ್ಕರ ನಿಧಾನವಾಗಿ, ಬಿಡಿಸಿ ಬಿಡಿಸಿ ಎಣಿಸಿದರು. ಮೊದಲ ಪೆಟ್ಟಿಗೆಯ ಮೇಲೆ ಕೈಯಿಟ್ಟು “ಲಾಭ.” ಎರಡನೆಯದರ ಮೇಲೆ ಕೈಯಿಟ್ಟು “ಎರಡು.”

“ಒಂದು ಎಲ್ಲಿ ಸಾರ್?” ಎಂದೆ.

“ಒಂದು ಅನ್ಬಾರ್ದಮ್ಮ. ಮಂಡೀಲಿ ಕಾಳು ಅಳೆಯೋವಾಗ ಮೊದಲ್ನೇ ಸೇರಿಗೆ ಲಾಭ ಅಂತೀವಿ, ಆಮೇಲೆ ಎರಡು, ಮೂರು. ಬೆಂಗ್ಳೂರೋಳು, ನಿಂಗ್ ಗೊತ್ತಿಲ್ಲ” ಎಂದರು. ಆ ಹೊತ್ತಿನಲ್ಲೂ ನಕ್ಕರು.

ನನಗೆ ಆಗಲೇ ಎಲ್ಲವೂ ಗೊತ್ತಾಯಿತು: ಪ್ರತಿ ಸಾಲಿನ ಮೊದಲ ಪೆಟ್ಟಿಗೆಗೆ ಡೆಕ್ಲನ್ ಬೆರಳು ಒತ್ತಿಯೇ ಇರಲಿಲ್ಲ. ಡೆಕ್ಲನ್‌ಗೆ ನಾನು ಹೇಳಿದ ಮಾತು ಅವರಿಗೆ ಗೊತ್ತಿರಲಿಲ್ಲ. ಡೆಕ್ಲನ್‌ಗೆ ಲಾಭವೆಂದರೆ ಒಂದು ಎಂಬುದು ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವಳು ಇಡೀ ಗೋದಾಮಿನಲ್ಲಿ ನಾನೊಬ್ಬಳೇ. ಆಫೀಸಿಗೆ ಹತ್ತು ಹೆಜ್ಜೆ. ಹೋಗಿ, “ಶಿವಾನ್, ನಾನು ತಪ್ಪು ಹೇಳಿದೆ” ಎಂದಿದ್ದರೆ ಮುಗಿಯುತ್ತಿತ್ತು.

ಹೇಳಲಿಲ್ಲ. ಓದು ಮುಗಿದವರಿಗೆ ಇಲ್ಲಿರಲು ಕೊಡುವ ಅವಧಿ ನನಗೆ ಮುಗಿಯುತ್ತ ಬಂದಿತ್ತು. ವರ್ಕ್ ಪರ್ಮಿಟ್ಟಿನ ಅರ್ಜಿ ಸಹಿಗಾಗಿ ಶಿವಾನ್‌ಳ ಮೇಜಿನ ಮೇಲಿತ್ತು. ತೆರಿಗೆಯ ಎಣಿಕೆಯನ್ನೇ ಕೆಡಿಸಿದ ಕಂಪ್ಲಯನ್ಸಿನವಳಿಗೆ ಯಾರು ಸಹಿ ಹಾಕುತ್ತಾರೆ? ಸಹಿ ಆದಮೇಲೆ ಹೇಳೋಣ ಎಂದುಕೊಂಡೆ. ಇದನ್ನು ಬರೆಯುವಾಗ ಬೇರೆ ಕಾರಣಗಳನ್ನೂ ಹುಡುಕಿ ನೋಡಿದೆ, ಅಪ್ಪನ ಸಾಲ, ಅಮ್ಮನ ಆರೋಗ್ಯ ಎಂದೆಲ್ಲ. ಯಾವುದೂ ನಿಜವಲ್ಲ. ನಾನು ಹೆದರಿದೆ, ಅಷ್ಟೇ.

ಶಿವಾನ್ ಪೊಲೀಸಿಗಾಗಲಿ ತೆರಿಗೆ ಇಲಾಖೆಗಾಗಲಿ ದೂರು ಕೊಡಲಿಲ್ಲ. ಮರ್ಯಾದೆಯಿಂದ ಕಳಿಸುತ್ತೇನೆ ಎಂದಳು. ನಿವೃತ್ತಿಗೆ ಇನ್ನೂ ಒಂದು ವರ್ಷವಿತ್ತು, ಈಗಲೇ ತೆಗೆದುಕೊಳ್ಳಲಿ ಎಂದಳು. ಸಾರ್ ಎರಡು ವಾರ ಒಪ್ಪಲಿಲ್ಲ. ಊಟದ ಬಿಡುವಿನಲ್ಲೂ ಏಣಿ ಹತ್ತಿ ಎಣಿಸುತ್ತಲೇ ಇದ್ದರು, ಎಣಿಸಿದಷ್ಟೂ ಆ ಹೆಚ್ಚಿನ ಪೆಟ್ಟಿಗೆಗಳು ಅಲ್ಲೇ ಇರುತ್ತಿದ್ದವು. ಕೊನೆಕೊನೆಗೆ, “ನನ್ನ ತಲೇಲೇ ಏನಾದ್ರೂ ಕೆಟ್ಟೈತಾ ಅಂತ ಅನುಮಾನ ಬರ್ತೈತೆ ಕಣಮ್ಮ” ಎಂದರು. ನಾನು “ಹಂಗೆಲ್ಲ ಏನಿಲ್ಲ ಸಾರ್” ಎಂದು ಕಂಪ್ಯೂಟರ್ ನೋಡಿದೆ. ಕ್ರಿಸ್‌ಮಸ್‌ಗೆ ಮುಂಚೆ ಕೇಕ್ ಕತ್ತರಿಸಿ ಕಾರ್ಡು ಕೊಟ್ಟರು. ಕಾರ್ಡಿನಲ್ಲಿ ಎಲ್ಲರೂ ಒಂದೆರಡು ಸಾಲು ಬರೆದರು. ನಾನು ಕನ್ನಡದಲ್ಲಿ ಬರೆದೆ. ಏನು ಬರೆದೆ ಎಂದು ಇಲ್ಲಿ ಹೇಳಲಾರೆ, ನಾಚಿಕೆಯಾಗುತ್ತದೆ.

ಪರ್ಮಿಟ್ ಬಂದದ್ದು ಚಳಿಗಾಲ ಮುಗಿಯುವ ಹೊತ್ತಿಗೆ. ಅದನ್ನು ಕೈಯಲ್ಲಿ ಹಿಡಿದ ದಿನ ಅಮ್ಮನಿಗೂ ಫೋನ್ ಮಾಡಲಿಲ್ಲ. ಆ ಶನಿವಾರವೇ ಅವರ ಮನೆಗೆ ಹೋದೆ. ಆಂಟಿ ಡ್ಯೂಟಿಗೆ ಹೋಗಿದ್ದರು. ಸಾರ್ ಹಿತ್ತಲಿನಲ್ಲಿ ಆಲೂಗಡ್ಡೆಗೆ ಮಡಿ ಮಾಡುತ್ತಿದ್ದರು. ಬಹಳ ಇಳಿದುಹೋಗಿದ್ದರು. ನಿಂತ ಕಾಲ ಮೇಲೆ ಎಲ್ಲವನ್ನೂ ಹೇಳಿದೆ.

ಅವರು ಗುದ್ದಲಿಯನ್ನು ನೆಲಕ್ಕೂರಿದರು. ಬೈಯಲಿ ಎಂದು ಕಾದೆ.

“ಪ್ರಾರ್ಥನೆ ಅಂದ್ಯಾ?” ಎಂದರು.

“ಹೂಂ ಸಾರ್.”

“ಆವತ್ತೇ ಹೇಳಿದ್ರೆ ನಾಲ್ಕೂ ಜನ ಕೂತು ನಗ್ತಿದ್ವಲ್ಲಮ್ಮ. ಈಗ ಹೆಂಗ್ ನಗ್ಲಿ?”

ನಾನು ಅತ್ತೆ. ಅಳಬೇಡ ಎಂದು ಅವರು ಹೇಳಲಿಲ್ಲ. ಸೋಮವಾರವೇ ಶಿವಾನ್‌ಗೆ ಹೇಳುತ್ತೇನೆ, ಬರೆದೂ ಕೊಡುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿದರು.

“ಅವಳಿಗೆ ಬೇಡ. ಕೇಕ್ ತಿಂದಾಯ್ತು, ಮುಗೀತು. ನಿನ್ನ ಕೆಲ್ಸಾನೂ ಹೋಗಿ ಯಾರಿಗೇನು ಬಂತು?” ಗುದ್ದಲಿಯ ಮಣ್ಣನ್ನು ಬೆರಳಿನಿಂದ ಕೆರೆದರು. “ನನ್ನ ಹೆಂಡ್ತಿಗೆ ಹೇಳು. ಆವತ್ತು ಮನೆಗ್ ಬಂದು ವಿಷ್ಯ ಹೇಳ್ದಾಗ ಒಂದೇ ಮಾತು ಕೇಳಿದ್ಲು, ‘ನಿಜ ಹೇಳಿ, ತಂದಿದ್ರಾ?’ ಅಂತ. ಇಲ್ಲ ಅಂದೆ. ಆಯ್ತು ಅಂದ್ಲು. ಇವತ್ತಿನವರ್ಗೂ ಮತ್ತೆ ಎತ್ತಿಲ್ಲ. ಈಗ ನಾನೇ ಹೋಗಿ ಹಿಂಗಂತೆ ಅಂದ್ರೆ ನಂಬೋ ಹಂಗೆ ಮಾಡ್ತಾಳೆ. ನನ್ನ ಮನಸ್ಸಿಗೆ ನೋವಾಗ್ದಿರ್ಲಿ ಅಂತ. ಅದು ಬೇಡ ನಂಗೆ. ನೀನೇ ಹೇಳ್ಬೇಕು.”

“ನಾಳೆ ಭಾನುವಾರ ಬರ್ತೀನಿ ಸಾರ್” ಎಂದೆ.

ಹೋಗಲಿಲ್ಲ. ಜ್ವರವೆಂದು ಮೆಸೇಜ್ ಮಾಡಿದೆ. ಸಣ್ಣ ಜ್ವರ ಇದ್ದದ್ದೂ ನಿಜ. ಮುಂದಿನ ಭಾನುವಾರ ಗೆಳತಿಯೊಬ್ಬಳು ಅತ್ಲೋನ್‌ನಲ್ಲಿ ಹೊಸ ಮನೆ ಸೇರುತ್ತಿದ್ದಳು, ರೈಲು ಹತ್ತಿದೆ. ಅದರ ಮುಂದಿನ ವಾರ ಆಂಟಿಗೆ ಭಾನುವಾರವೂ ಡ್ಯೂಟಿ ಇರಬಹುದು ಎಂದು ನಾನೇ ತೀರ್ಮಾನಿಸಿದೆ, ಕೇಳಲಿಲ್ಲ. ಎದೆರೋಗದ ವಾರ್ಡಿನಲ್ಲಿ ಯಾರಿಗೂ ಅಂಜದೆ ಮಾತಾಡುವ ಆ ಹೆಂಗಸಿನ ಮುಖ ನೆನೆದು ನಾನು ಮುಂದೂಡುತ್ತಲೇ ಹೋದೆ. ಸಾರ್ ಒಮ್ಮೆಯೂ ನೆನಪಿಸಲಿಲ್ಲ. ಪ್ರತಿ ಸಲ ‘ಪರ್ವಾಗಿಲ್ಲ, ಮುಂದಿನ್ ವಾರ ಬಾ’ ಎಂದು ಉತ್ತರ ಕಳಿಸಿದರು.

ನಾಲ್ಕನೆಯ ವಾರ, ಗುರುವಾರ, ಡೆಕ್ಲನ್ ಆಫೀಸಿಗೆ ಬಂದು ನನ್ನ ಮೇಜಿನೆದುರು ನಿಂತ. ಟೋಪಿ ಕೈಯಲ್ಲಿತ್ತು. “ಸಾರ್ ಹೋಗಿಬಿಟ್ರು. ಬೆಳಿಗ್ಗೆ, ತೋಟದಲ್ಲಿ. ಹೃದಯ ಅಂತೆ” ಎಂದ.

ಡಬ್ಲಿನ್ನಿನ ಚಿತಾಗಾರದಲ್ಲಿ ಗೋದಾಮಿನವರೆಲ್ಲ ಸಾಲಾಗಿ ಹೋಗಿ ಆಂಟಿಯ ಕೈಹಿಡಿದು, ಇಲ್ಲಿಯ ರೂಢಿಯಂತೆ, ನಿಮಗೆ ಬಂದ ಕಷ್ಟಕ್ಕೆ ವಿಷಾದ ಎಂದರು. ಶಿವಾನ್ ಅತ್ತಳು, ನಾಟಕದ ಅಳುವಲ್ಲ. ನನ್ನ ಸರದಿ ಬಂದಾಗ ಆಂಟಿ ನನ್ನ ಕೈಯನ್ನು ಎಲ್ಲರದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡರು. ನಾನು ಅದೇ ಮಾತನ್ನು ಅದೇ ಇಂಗ್ಲಿಷಿನಲ್ಲಿ ಹೇಳಿ ಮುಂದೆ ಸರಿದೆ.

ಎರಡು ವಾರ ಕಳೆದು ಅವರ ಮನೆಗೆ ಹೋದೆ, ಭಾನುವಾರವೇ. ಆಂಟಿ ಕಾಫಿ ಕೊಟ್ಟು ಎದುರಿಗೆ ಕೂತರು. ಹೇಗೆ ಶುರುಮಾಡುವುದೆಂದು ನಾನು ತಡವರಿಸುತ್ತಿರುವಾಗ ಅವರೇ ಮಾತೆತ್ತಿದರು.

“ಒಳ್ಳೆ ಮನುಷ್ಯ ಕಣಮ್ಮ. ಮೂವತ್ತೈದು ವರ್ಷದಲ್ಲಿ ಒಂದೇ ಒಂದು ತಪ್ಪು. ಆ ಗೋಡೌನಿನ ವಿಷ್ಯ. ನಿಂಗೂ ಗೊತ್ತಿರುತ್ತೆ ಬಿಡು. ಒಳಗೊಳಗೇ ಕೊರಗ್ತಿದ್ರು, ನೋಡೋಕಾಗ್ಲಿಲ್ಲ ನಂಗೆ. ಹೋಗೋಕೆ ಒಂದ್ ವಾರ ಮುಂಚೆ ಹೇಳ್ಬಿಟ್ಟೆ. ಅದನ್ನ ನಾನು ಮರ್ತಿದೀನಿ, ಕ್ಷಮಿಸಿದೀನಿ, ನೀವೂ ಬಿಟ್ಬಿಡಿ ಅಂತ.”

“ಸಾರ್ ಏನಂದ್ರು ಆಂಟಿ?”

“ಏನೂ ಇಲ್ಲ. ನಿನ್ನ ಹೆಸ್ರು ಹೇಳಿ, ಅವಳು ಭಾನುವಾರ ಬರ್ತಾಳೆ, ಬರ್ಲಿ ಅಂದ್ರು. ಯಾಕೆ ಅಂತ ನಾನೂ ಕೇಳ್ಲಿಲ್ಲ.”

ನಾನು ಲೋಟ ಕೆಳಗಿಟ್ಟು ಹೇಳಿದೆ. ಮಂಡಿಯ ಅಳತೆ, ಡೆಕ್ಲನ್‌ನ ಪ್ರಶ್ನೆ, ನನ್ನ ಉತ್ತರ, ಪರ್ಮಿಟ್ಟು, ಹಿತ್ತಲಿನ ಮಾತು, ಬಾರದೇ ಹೋದ ಮೂರು ಭಾನುವಾರ, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ನನ್ನ ಎದೆ ಹಗುರಾಗುತ್ತ ಬಂತು. ಅದನ್ನೂ ಇಲ್ಲಿ ಬರೆಯಬೇಕು, ಹಗುರಾದದ್ದು ನಿಜ. ಆಂಟಿ ನನ್ನ ಮೇಲೆ ಸಿಟ್ಟಾಗಲಿಲ್ಲ. ನಾನು ಮುಗಿಸಿದ ಮೇಲೆ ಎದ್ದು ಹೋಗಿ, ಹಿತ್ತಲ ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತರು.

“ಹಂಗಾದ್ರೆ ನಾನು ಏನನ್ನ ಕ್ಷಮಿಸ್ದೆ?”

ಅವರು ಅದನ್ನು ನನ್ನನ್ನು ಕೇಳಿದ್ದಲ್ಲ.